ಡಯಲ್ ಗೇಜ್ ತಪ್ಪು ತೋರಿಸುತ್ತಿದೆಯಾ? ಬಿಚ್ಚುವ ಮೊದಲು ಇಷ್ಟು ನೋಡಿ

ಪುಣೆ ಹತ್ತಿರದ ಭೋಸರಿಯ ನಮ್ಮ ಶಾಪ್‌ನಿಂದ ಚಾಕಣದ ಗಿರಾಕಿಗೆ ಹೋದ 240 ಶಾಫ್ಟ್‌ಗಳಲ್ಲಿ 31 ವಾಪಸ್ ಬಂದವು. ರನೌಟ್, ಅಂದರೆ ಶಾಫ್ಟ್ ತಿರುಗುವಾಗ ಅದರ ಮೇಲ್ಮೈ ಒಟ್ಟು ಎಷ್ಟು ಏರಿಳಿಯುತ್ತದೆ ಅನ್ನುವುದು, 0.03 ಮಿ.ಮೀ. ಒಳಗಿರಬೇಕು ಅಂತ ಡ್ರಾಯಿಂಗ್‌ನಲ್ಲಿತ್ತು. ನಮ್ಮ ರಿಪೋರ್ಟ್‌ನಲ್ಲಿ ಎಲ್ಲವೂ 0.02, ಹೆಚ್ಚೆಂದರೆ 0.025. ಗಿರಾಕಿ ಅಳೆದಾಗ 0.05. ನಮ್ಮ ಮಾಲೀಕರು ನೇರವಾಗಿ ಅದನ್ನು ಅಳೆಯುವ ಮುಳ್ಳಿನ ಗೇಜ್, ಅಂದರೆ ಡಯಲ್ ಕಡೆಗೆ ಬೆರಳು ತೋರಿಸಿದರು. ‘ಖರಾಬ್ ಝಾಲಾಯ್ ತೋ, ನವೀನ್ ಆಣಾ.’ ಅದು ಕೆಟ್ಟಿದೆ, ಹೊಸದು ತನ್ನಿ ಅಂತ. ಹೊಸದು ತಂದೆವು. ವಾಪಸ್ ಬಂದ ಶಾಫ್ಟನ್ನೇ ಸೆಂಟರ್‌ಗಳ (ಎರಡೂ ತುದಿಯ ತೂತಿಗೆ ಕೂತು ಹಿಡಿಯುವ ಮೊನೆಗಳ) ನಡುವೆ ಇಟ್ಟೆವು. ಹೊಸ ಡಯಲ್ ಕೂಡ 0.02 ಅಂದಿತು.

ಎರಡು ಡಯಲ್ ಕೂಡಿ ಒಂದೇ ಸುಳ್ಳು ಹೇಳುತ್ತವಾ? ಹೇಳುವುದಿಲ್ಲ. ಅಲ್ಲಿಗೆ ಡಯಲ್ ಮೇಲಿನ ಅನುಮಾನ ಬಿಡಬೇಕಿತ್ತು. ನಾವು ಬಿಡಲಿಲ್ಲ. ಹಳೆಯದನ್ನು ಕ್ಯಾಲಿಬ್ರೇಶನ್‌ಗೆ ಕಳಿಸಿದೆವು, ಅದು ಸರಿ ಇದೆ ಅಂತ ಕಾಗದದ ಸಮೇತ ಬಂತು. ದುಡ್ಡೂ ಹೋಯಿತು, ನಾಲ್ಕು ದಿನವೂ ಹೋಯಿತು.

ನಾನು ಇಂಡಿ ಕಡೆಯವನು. ಪುಣೆಗೆ ಬಂದು ಹದಿನಾರು ವರ್ಷ ಆಯಿತು, ಜಾಸ್ತಿ ಕಾಲ ಇನ್‌ಸ್ಪೆಕ್ಷನ್ ಟೇಬಲ್ ಮುಂದೆಯೇ ಕಳೆದಿದ್ದೇನೆ. ಊರಿಂದ ಬಂದ ಹುಡುಗರು ಭೋಸರಿ, ಚಿಂಚವಡದ ಶಾಪ್‌ಗಳಲ್ಲಿ ಕೆಲಸಕ್ಕೆ ಸೇರಿದರೆ ಮೊದಲ ವಾರವೇ ಕೈಗೆ ಡಯಲ್ ಸಿಗುತ್ತದೆ. ಅದರ ಕಾಯಿಲೆಗಳನ್ನು ಯಾರೂ ಹೇಳಿಕೊಡುವುದಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಮಾತಾಡುತ್ತಿರುವುದು ಒಂದು ಗೆರೆಗೆ 0.01 ಮಿ.ಮೀ. ಇರುವ, 10 ಮಿ.ಮೀ. ಓಡುವ ಮಾಮೂಲಿ ಪ್ಲಂಜರ್ ಡಯಲ್ ಬಗ್ಗೆ. ಪಕ್ಕಕ್ಕೆ ಆಡುವ ಸಣ್ಣ ಕಡ್ಡಿ ಇರುವ ಲಿವರ್ ಡಯಲ್ ವಿಷಯ ನಡುವೆ ಒಂದು ಕಡೆ ಬರುತ್ತದೆ.

ಒಳಗೆ ಏನಿದೆ

ಕೆಳಗೆ ಚಾಚಿಕೊಂಡಿರುವ ಕಡ್ಡಿಯೇ ಪ್ಲಂಜರ್. ಅದರ ಒಂದು ಬದಿಗೆ ಸಾಲಾಗಿ ಹಲ್ಲು ಕೊರೆದಿರುತ್ತಾರೆ, ಅದು ರ‍್ಯಾಕ್. ಪ್ಲಂಜರ್ ಮೇಲೆ ಸರಿದರೆ ರ‍್ಯಾಕ್ ಪಿನಿಯನ್ ಅನ್ನುವ ಒಂದು ಪುಟ್ಟ ಹಲ್ಲಿನ ಗಾಲಿಯನ್ನು ತಿರುಗಿಸುತ್ತದೆ. ಆ ಪಿನಿಯನ್ನಿನ ಅಚ್ಚಿನಲ್ಲೇ ಒಂದು ದೊಡ್ಡ ಗಾಲಿ ಕೂತಿದೆ. ದೊಡ್ಡ ಗಾಲಿ ಮಧ್ಯದ ಪಿನಿಯನ್ ಅನ್ನು ತಿರುಗಿಸುತ್ತದೆ. ಮುಳ್ಳು ಇರುವುದು ಅದರ ಮೇಲೆ. ಬಹಳ ಡಯಲ್‌ಗಳಲ್ಲಿ ಲೆಕ್ಕ ಹೀಗಿರುತ್ತದೆ: ರ‍್ಯಾಕ್‌ನ ಒಂದು ಹಲ್ಲಿನಿಂದ ಇನ್ನೊಂದಕ್ಕೆ 0.625 ಮಿ.ಮೀ., ಅದನ್ನು ಹಿಡಿಯುವ ಪಿನಿಯನ್‌ಗೆ 16 ಹಲ್ಲು, ದೊಡ್ಡ ಗಾಲಿಗೆ 100, ಮಧ್ಯದ ಪಿನಿಯನ್‌ಗೆ 10. ಹದಿನಾರು ಹಲ್ಲು ದಾಟಲು ಪ್ಲಂಜರ್ 10 ಮಿ.ಮೀ. ಹೋಗಬೇಕು. ಅಷ್ಟರಲ್ಲಿ ದೊಡ್ಡ ಗಾಲಿ ಒಂದೇ ಸುತ್ತು, ಮುಳ್ಳು ಹತ್ತು ಸುತ್ತು. ಹಾಗಾಗಿ 1 ಮಿ.ಮೀ.ಗೆ ಮುಳ್ಳಿನ ಒಂದು ಸುತ್ತು, ಸುತ್ತಿಗೆ 100 ಗೆರೆ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮುಳ್ಳು 22 ಮಿ.ಮೀ. ಉದ್ದ ಇದ್ದರೆ ಅದರ ತುದಿ ಒಂದು ಸುತ್ತಿಗೆ ಸುಮಾರು 138 ಮಿ.ಮೀ. ಓಡುತ್ತದೆ. ಪ್ಲಂಜರ್ ಓಡಿದ್ದು 1 ಮಿ.ಮೀ. ಮಾತ್ರ. ಒಂದು ಗುಲಗಂಜಿಯನ್ನು ಕುಂಬಳಕಾಯಿ ಮಾಡಿ ತೋರಿಸಿದ ಹಾಗೆ. ಅಳೆಯುವ ತುಂಡಿನ ದೋಷವನ್ನು ಎಷ್ಟು ಹಿಗ್ಗಿಸುತ್ತದೋ, ಧೂಳನ್ನೂ ಸಡಿಲ ಸ್ಕ್ರೂವನ್ನೂ ಅಷ್ಟೇ ಹಿಗ್ಗಿಸುತ್ತದೆ.

ಒಳಗೆ ಎರಡು ಸ್ಪ್ರಿಂಗ್ ಇವೆ. ಒಂದು ಪ್ಲಂಜರನ್ನು ಕೆಳಕ್ಕೆ ಎಳೆದು ತುಂಡಿಗೆ ಒತ್ತಿ ಹಿಡಿಯುತ್ತದೆ. ಇನ್ನೊಂದು ಕೂದಲೆಳೆಯಂಥ ಸುರುಳಿ, ಹೇರ್ ಸ್ಪ್ರಿಂಗ್. ಗಾಲಿಗಳ ಹಲ್ಲುಗಳ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಆ ಸಡಿಲ ಅಳತೆಗೆ ಬರದಂತೆ ಹಲ್ಲುಗಳನ್ನು ಸದಾ ಒಂದೇ ಬದಿಗೆ ಒತ್ತಿಡುವುದು ಈ ಸುರುಳಿಯ ಕೆಲಸ. ಕೈಗಡಿಯಾರ ಬಿಚ್ಚಿ ನೋಡಿದವರಿಗೆ ಇದು ಪರಿಚಿತ ಮುಖ. ನಮ್ಮಪ್ಪನ ಎಚ್‌ಎಂಟಿ ಗಡಿಯಾರವನ್ನು ಚಿಕ್ಕವನಿದ್ದಾಗ ಬಿಚ್ಚಿ ಬೈಸಿಕೊಂಡಿದ್ದೆ. ಮೊದಲ ಸಲ ಡಯಲ್‌ನ ಹಿಂದಿನ ಮುಚ್ಚಳ ತೆಗೆದಾಗ ಅದೇ ನೆನಪಾಯಿತು. ಈ ಹೋಲಿಕೆ ಸುಮ್ನೆ ಬಂದದ್ದಲ್ಲ. 1883ರಲ್ಲಿ ಡಯಲ್ ಗೇಜ್‌ಗೆ ಪೇಟೆಂಟ್ ಪಡೆದ ಜಾನ್ ಲೋಗನ್ ಇದ್ದದ್ದು ಅಮೆರಿಕದ ವಾಲ್ತಮ್‌ನಲ್ಲಿ. ಅದು ಗಡಿಯಾರ ಕಾರ್ಖಾನೆಗೆ ಹೆಸರಾದ ಊರು.

ಗಡಿಯಾರಕ್ಕೂ ಡಯಲ್‌ಗೂ ಒಂದು ವ್ಯತ್ಯಾಸ ಇದೆ. ಗಡಿಯಾರ ಡಬ್ಬಿಯೊಳಗೆ ಮುಚ್ಚಿಕೊಂಡಿರುತ್ತದೆ. ಡಯಲ್‌ನ ಪ್ಲಂಜರ್ ದಿನವಿಡೀ ಹೊರಗೆ ಬಂದು ಕೂಲಂಟ್‌ನಲ್ಲಿ ಮುಖ ತೊಳೆದು ಒಳಗೆ ಹೋಗುತ್ತದೆ. ಅರ್ಧ ಕಾಯಿಲೆ ಆ ಬಾಗಿಲಿಂದಲೇ ಒಳಗೆ ಬರುವುದು.

ಮೊದಲು ಐದು ನಿಮಿಷ

ಅಳತೆ ಮೇಲೆ ಅನುಮಾನ ಬಂದ ಕೂಡಲೇ ಹೆಚ್ಚಿನವರು ಸ್ಲಿಪ್ ಗೇಜ್ (ದಪ್ಪ ಕರಾರುವಾಕ್ಕಾಗಿರುವ ಬಿಲ್ಲೆ) ತಂದು 1.00, 2.00 ಅಂತ ಸರಿ ನೋಡಲು ಶುರು ಮಾಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಮುಳ್ಳು ಒಂದೇ ಮಾತು ಹೇಳುತ್ತದೋ ಇಲ್ಲವೋ ಅದನ್ನು ಮೊದಲು ನೋಡುತ್ತೇನೆ. ಆ ಮಾತು ನಿಜವೋ ಅನ್ನುವುದು ಆಮೇಲೆ.

ಸರ್ಫೇಸ್ ಪ್ಲೇಟ್ (ತೀರ ಸಮತಟ್ಟಾದ ಹಾಸು) ಮೇಲೆ ಡಯಲ್ ಸ್ಟ್ಯಾಂಡ್ ಇಡಿ. ಕೆಳಗೆ ಒಂದು ಸ್ಲಿಪ್ ಗೇಜ್ ಇಟ್ಟು, ಮುಳ್ಳು ಒಂದು ಸುತ್ತು ತಿರುಗುವಷ್ಟು ಡಯಲ್ ಇಳಿಸಿ ಸೊನ್ನೆ ಮಾಡಿ. ಈಗ ಪ್ಲಂಜರನ್ನು ಮೇಲಿನ ತುದಿಯಿಂದ ಎತ್ತಿ ಮೆಲ್ಲಗೆ ಬಿಡಿ. ಐದು ಸಲ. ಮುಳ್ಳು ಪ್ರತಿ ಸಲವೂ ಸೊನ್ನೆಗೇ ಬಂದು ಕೂರಬೇಕು. ಅರ್ಧ ಗೆರೆಗಿಂತ ಜಾಸ್ತಿ ಆಚೀಚೆ ಆದರೆ ಏನೋ ಸಡಿಲ ಇದೆ, ಇಲ್ಲವೇ ಏನೋ ಅಂಟುತ್ತಿದೆ.

ಮುಂದಿನದು ಬೆರಳಿನ ಪರೀಕ್ಷೆ. ಸ್ಟ್ಯಾಂಡ್‌ನ ತೋಳನ್ನು ಒಂದು ಬೆರಳಿನಿಂದ ಹಗುರವಾಗಿ ಒತ್ತಿ ಬಿಡಿ. ಒತ್ತಿದಾಗ ಮುಳ್ಳು ಅಲ್ಲಾಡುವುದು ಸಹಜ. ಬಿಟ್ಟಾಗ ಮೊದಲಿದ್ದ ಜಾಗಕ್ಕೇ ಬರುತ್ತಾ? ಬರಲಿಲ್ಲ ಅಂದರೆ ಡಯಲ್ ಬಿಟ್ಟು ಸ್ಟ್ಯಾಂಡ್ ಹಿಡಿದುಕೊಳ್ಳಿ. ನನ್ನ ಅನುಭವದಲ್ಲಿ ಡಯಲ್ ಕೆಟ್ಟಿದೆ ಅಂತ ಬಂದ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿದಿವೆ.

ಸ್ಟ್ಯಾಂಡ್‌ನಲ್ಲಿ ಏನು ನೋಡಬೇಕು? ಮ್ಯಾಗ್ನೆಟ್ ಬೇಸ್ ಕೆಳಗೆ ಚೂರು ಇದೆಯಾ. ಬಣ್ಣ ಬಳಿದ ಜಾಗದ ಮೇಲೆ ಕೂತಿದೆಯಾ. ತೋಳು ಬೇಕಾದ್ದಕ್ಕಿಂತ ಉದ್ದ ಚಾಚಿದೆಯಾ. ತೋಳು ಉದ್ದವಾದಷ್ಟೂ ಮೀನು ಹಿಡಿಯುವ ಗಾಳದ ಕೋಲಿನ ಹಾಗೆ ತೂಗಾಡುತ್ತದೆ. ಪ್ಲಂಜರ್ ಸ್ಪ್ರಿಂಗ್‌ನ ಒತ್ತಡವೇ ಅದನ್ನು ಬಗ್ಗಿಸಲು ಸಾಕು. ಗ್ರಾನೈಟ್ ಪ್ಲೇಟ್ ಮೇಲೆ ಮ್ಯಾಗ್ನೆಟ್ ಬೇಸ್ ಇಟ್ಟು, ಸ್ವಿಚ್ ಆನ್ ಮಾಡಿ, ಹಿಡಿದುಕೊಂಡಿದೆ ಅಂತ ನಂಬಿದವರನ್ನೂ ನೋಡಿದ್ದೇನೆ. ಕಲ್ಲಿಗೆ ಮ್ಯಾಗ್ನೆಟ್ ಹಿಡಿಯುತ್ತದಾ!

ಎರಡು ಡಯಲ್ ಹೇಳಿದ ಒಂದೇ ಸುಳ್ಳು

ನಮ್ಮ ಶಾಫ್ಟ್‌ಗಳ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಎತ್ತಿ ಬಿಡುವ ಪರೀಕ್ಷೆ ಪಾಸಾಯಿತು. ಬೆರಳಿನ ಪರೀಕ್ಷೆಯೂ ಪಾಸು. ಆಮೇಲೆ ಹಳೆಯ ರಿಪೋರ್ಟ್ ತೆಗೆದು ನೋಡಿದೆ. 240 ತುಂಡುಗಳಲ್ಲಿ ಒಂದೇ ಒಂದು ಕೂಡ 0.025 ದಾಟಿರಲಿಲ್ಲ. ಅಷ್ಟು ಒಳ್ಳೆಯ ಕೆಲಸಗಾರರು ನಾವಲ್ಲ. ಒಳ್ಳೆಯ ತುಂಡು, ಕೆಟ್ಟ ತುಂಡು ಎರಡೂ ಒಂದೇ ಜಾಗದಲ್ಲಿ ನಿಲ್ಲುತ್ತಿವೆ ಅಂದರೆ ಯಾವುದೋ ಅವನ್ನು ತಡೆಯುತ್ತಿದೆ.

ವಾಪಸ್ ಬಂದ ಒಂದು ಶಾಫ್ಟ್ ಹಾಕಿ, ತುಂಬಾ ನಿಧಾನವಾಗಿ ಕೈಯಲ್ಲಿ ತಿರುಗಿಸಿದೆ. ಮುಳ್ಳು ಏರಿತು, ಇಳಿಯಿತು, ಆಮೇಲೆ ಸುಮ್ನೆ ನಿಂತುಬಿಟ್ಟಿತು. ಶಾಫ್ಟ್ ತಿರುಗುತ್ತಲೇ ಇದೆ, ಮುಳ್ಳು ಮಲಗಿದೆ. ಅರ್ಧ ಸುತ್ತು ಆದ ಮೇಲೆ ಮತ್ತೆ ಎದ್ದಿತು. ಪ್ಲಂಜರ್ ತುದಿಯ ಕೆಳಗೆ ಒಂದು ತೆಳು ಕಾಗದ ತೂರಿಸಿದೆ. ಸಲೀಸಾಗಿ ಒಳಗೆ ಹೋಯಿತು. ಅಲ್ಲಿ ಸ್ಪರ್ಶವೇ ಇರಲಿಲ್ಲ.

ಆಗಿದ್ದು ಇಷ್ಟೇ. ಫಿಕ್ಸ್ಚರ್ (ಶಾಫ್ಟ್, ಡಯಲ್ ಎರಡನ್ನೂ ಹಿಡಿದಿಡುವ ಚೌಕಟ್ಟು) ಕೂಡಿಸಿದ ಹುಡುಗ ಡಯಲನ್ನು ಶಾಫ್ಟಿಗೆ ತಾಗಿಯೂ ತಾಗದ ಹಾಗೆ ಇಳಿಸಿ ಸೊನ್ನೆ ಮಾಡಿದ್ದ. ಶಾಫ್ಟಿನ ಎತ್ತರದ ಜಾಗ ಬಂದಾಗ ಪ್ಲಂಜರ್ ಒತ್ತಿಕೊಂಡಿದ್ದು ಬರೀ 0.02. ಶಾಫ್ಟ್ ತಿರುಗಿ ತಗ್ಗಿನ ಜಾಗ ಬಂದಾಗ ಪ್ಲಂಜರ್ 0.05 ಇಳಿಯಬೇಕು. ಆದರೆ 0.02 ಇಳಿಯುವಷ್ಟರಲ್ಲಿ ಅದರ ಓಟ ಮುಗಿದು, ಒಳಗಿನ ತಡೆಗೆ ತಾಗಿ ನಿಂತಿತು. ಉಳಿದ 0.03 ಗಾಳಿಯಲ್ಲಿ. ಡಯಲ್ ಬದಲಾಯಿಸಿದಾಗ ಅದೇ ಹುಡುಗ ಅದೇ ಪದ್ಧತಿಯಲ್ಲಿ ಹೊಸದನ್ನೂ ಕೂಡಿಸಿದ. ಬೈಯಬೇಡಿ, ‘ಹಗುರವಾಗಿ ಮುಟ್ಟಿಸು, ಗೀರು ಬೀಳಬಾರದು’ ಅಂತ ಅವನಿಗೆ ಹೇಳಿಕೊಟ್ಟವನು ನಾನೇ.

ಪರಿಹಾರ ಒಂದು ನಿಮಿಷದ್ದು. ಡಯಲನ್ನು ಕೆಳಗಿಳಿಸಿ ಮುಳ್ಳು ಪೂರ್ತಿ ಒಂದು ಸುತ್ತು ತಿರುಗಲಿ. ಸುತ್ತು ಎಣಿಸುವ ಚಿಕ್ಕ ಮುಳ್ಳು 1ರ ಹತ್ತಿರ ಬರಲಿ. ಆಮೇಲೆ ಮೇಲಿನ ರಿಂಗ್ ತಿರುಗಿಸಿ ಸೊನ್ನೆ ಮಾಡಿ, ರಿಂಗ್ ಲಾಕ್ ಬಿಗಿ ಮಾಡಿ. ಹೀಗೆ ಮೊದಲೇ ಒತ್ತಿಡುವುದಕ್ಕೆ ಪ್ರಿಲೋಡ್ ಅನ್ನುತ್ತಾರೆ. ಈಗ ಮುಳ್ಳಿಗೆ ಎರಡೂ ಕಡೆ ಓಡಲು ಜಾಗ ಇದೆ. ಆ 31 ಶಾಫ್ಟ್‌ಗಳು ನಮ್ಮ ಹಳೆಯ ಡಯಲ್‌ನಲ್ಲೇ 0.045ರಿಂದ 0.05 ತೋರಿಸಿದವು. ಗ್ರೈಂಡಿಂಗ್ ಮುಂಚೆ ಸೆಂಟರ್ ಹೋಲ್ ಸರಿಯಾಗಿ ಒರೆಸಿರಲಿಲ್ಲ, ಅದು ಬೇರೆ ಕಥೆ.

ಮುಳ್ಳು ಮಲಗುವುದನ್ನು ನೋಡಲು ಕಲಿಯಿರಿ. ಬರೀ ಮೇಲಿನ ಓದು, ಕೆಳಗಿನ ಓದು ಬರೆದುಕೊಂಡರೆ ಇದು ಕಾಣುವುದಿಲ್ಲ.

ಮುಳ್ಳು ಆಲಸಿಯಾದರೆ

ಎತ್ತಿ ಬಿಟ್ಟಾಗ ಮುಳ್ಳು ತಟ್ಟನೆ ಬರದೆ ಮೆಲ್ಲಗೆ, ಜ್ವರ ಬಂದವರ ಹಾಗೆ ಬರುತ್ತದೆ. ಇಲ್ಲವೇ ಸೊನ್ನೆಗೆ ಎರಡು ಗೆರೆ ಮುಂಚೆಯೇ ನಿಲ್ಲುತ್ತದೆ, ಗಾಜಿನ ಮೇಲೆ ಉಗುರಿನಿಂದ ತಟ್ಟಿದರೆ ಮುಂದೆ ಹೋಗುತ್ತದೆ. ಪ್ಲಂಜರ್ ಎಲ್ಲೋ ಉಜ್ಜುತ್ತಿದೆ.

ಮೊದಲು ಸ್ಟ್ಯಾಂಡ್‌ನಿಂದ ಡಯಲ್ ಬಿಚ್ಚಿ ಕೈಯಲ್ಲಿ ಹಿಡಿದು ಪ್ಲಂಜರ್ ಒತ್ತಿ ನೋಡಿ. ಕೈಯಲ್ಲಿ ಚೆನ್ನಾಗಿ ಓಡಿ, ಸ್ಟ್ಯಾಂಡ್‌ನಲ್ಲಿ ಮಾತ್ರ ಅಂಟಿದರೆ ಕ್ಲ್ಯಾಂಪ್ ಸ್ಕ್ರೂ ಅತಿಯಾಗಿ ಬಿಗಿದಿದೆ. ಡಯಲ್‌ನ ಕುತ್ತಿಗೆ 8 ಮಿ.ಮೀ. ಕೊಳವೆ. ಅದರೊಳಗೇ ಪ್ಲಂಜರ್ ಜಾರುವುದು. ಸ್ಕ್ರೂ ತುದಿ ನೇರವಾಗಿ ಆ ಕೊಳವೆಗೆ ಒತ್ತಿದರೆ ಅದು ಕೂದಲಿನಷ್ಟು ಚಪ್ಪಟೆಯಾಗುತ್ತದೆ, ಪ್ಲಂಜರ್‌ಗೆ ಉಸಿರು ಕಟ್ಟುತ್ತದೆ. ಪಕ್ಕಡ್ (ಇಕ್ಕಳ) ಹಾಕಿ ಬಿಗಿಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಸೀಳಿದ ಬುಷ್ ಹಾಕಿ ಹಿಡಿಸಿ, ಬೆರಳಿನ ಬಿಗಿ ಸಾಕು. ಹಿಂಬದಿಯಲ್ಲಿ ಕಿವಿ ಇರುವ ಮುಚ್ಚಳ ಇದ್ದರೆ ಅದರಿಂದ ಹಿಡಿಸುವುದು ಇನ್ನೂ ವಾಸಿ.

ಕೈಯಲ್ಲೂ ಅಂಟಿದರೆ ಕೊಳೆ. ಪುಣೆಯಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಈ ದೂರು ಜಾಸ್ತಿ ಬರುತ್ತದೆ. ತೇವಕ್ಕೆ ಪ್ಲಂಜರ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಒಬ್ಬ ಒಳ್ಳೆಯ ಮನಸ್ಸಿನಿಂದ ಒಂದು ಹನಿ ಎಣ್ಣೆ ಬಿಡುತ್ತಾನೆ. ಡಯಲ್‌ನ ನಿಜವಾದ ಕೊಲೆ ಅದೇ. ಮೊದಲ ದಿನ ಬೆಣ್ಣೆಯ ಹಾಗೆ ಓಡುತ್ತದೆ. ವಾರದಲ್ಲಿ ಎಣ್ಣೆ ಗ್ರೈಂಡಿಂಗ್ ಧೂಳನ್ನು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ. ಅದು ಪ್ಲಂಜರ್ ಜೊತೆ ಒಳಗೆ ಹೋಗಿ ರ‍್ಯಾಕ್ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಪ್ಲಂಜರ್ ಒಣಗಿರಬೇಕು. ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪ್ಲಂಜರ್ ಪೂರ್ತಿ ಹೊರಗಿದ್ದಾಗ ಒಮ್ಮೆ, ಒತ್ತಿ ಹಿಡಿದು ಮೇಲಿನ ತುದಿಯನ್ನು ಒಮ್ಮೆ ಒರೆಸಿ. ಹತ್ತಾರು ಸಲ ಆಡಿಸಿ, ಮತ್ತೆ ಒರೆಸಿ. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ. ಏರ್ ಗನ್ ಹಿಡಿಯಬೇಡಿ, ಹೊರಗಿನ ಧೂಳನ್ನು ಒಳಗೆ ಕಳಿಸುತ್ತೀರಿ ಅಷ್ಟೇ.

ಒರೆಸಿದ ಮೇಲೂ ಒಂದೇ ಜಾಗದಲ್ಲಿ ಹಿಡಿದರೆ ಪ್ಲಂಜರ್ ಬಗ್ಗಿದೆ. ಪಕ್ಕದಿಂದ ಪೆಟ್ಟು ಬಿದ್ದಿರುತ್ತದೆ. ತಿರುಗುತ್ತಿರುವ, ಕೀವೇ (ಉದ್ದಕ್ಕೆ ಕೊರೆದ ಗಾಡಿ) ಇರುವ ಶಾಫ್ಟ್ ಮೇಲೆ ಪ್ಲಂಜರ್ ಇಟ್ಟವರಿಗೆ ಇದು ಸಿಗುವ ಬಹುಮಾನ.

ಪ್ರತಿ ಸಲ ಬೇರೆ ಬೇರೆ ಓದು

ಅಂಟುವುದಿಲ್ಲ, ಆದರೂ ಐದು ಸಲಕ್ಕೆ ಐದು ಓದು. ತುದಿಯ ಗುಂಡನ್ನು ಬೆರಳಿನಿಂದ ತಿರುಗಿಸಿ ನೋಡಿ. ಅದು ಎಂ 2.5 ಥ್ರೆಡ್‌ನಲ್ಲಿ ಕೂತಿರುತ್ತದೆ, ಕಂಪನಕ್ಕೆ ಸಡಿಲವಾಗುತ್ತದೆ. ಬಿಗಿ ಮಾಡುವಾಗ ಒಂದು ಎಚ್ಚರಿಕೆ: ಪ್ಲಂಜರನ್ನು ಬಟ್ಟೆ ಸುತ್ತಿ ಹಿಡಿದುಕೊಂಡೇ ತುದಿ ತಿರುಗಿಸಿ. ಪ್ಲಂಜರ್ ತಿರುಗದಂತೆ ಒಳಗೆ ಒಂದು ಸಣ್ಣ ಪಿನ್ ಕಾವಲಿದೆ. ನೀವು ಹಾಕುವ ಜೋರೆಲ್ಲ ಅದರ ಮೇಲೆ ಬಿದ್ದರೆ ಅದು ಬಗ್ಗಿ, ಸಣ್ಣ ರೋಗ ದೊಡ್ಡದಾಗುತ್ತದೆ.

ಗುಂಡನ್ನು ಭೂತಗನ್ನಡಿಯಲ್ಲೂ ನೋಡಿ. ಸಾವಿರಾರು ತುಂಡು ಅಳೆದ ತುದಿಯಲ್ಲಿ ಹೊಳೆಯುವ ಚಪ್ಪಟೆ ಚುಕ್ಕೆ ಬಿದ್ದಿರುತ್ತದೆ. ಸಮತಟ್ಟಾದ ತುಂಡಿನ ಮೇಲೆ ಅದು ಏನೂ ತೊಂದರೆ ಕೊಡದೇ ಇರಬಹುದು, ದುಂಡನೆಯ ಶಾಫ್ಟ್ ಮೇಲೆ ಇಟ್ಟ ಕೂಡಲೇ ಓದು ಕುಣಿಯುತ್ತದೆ. ತುದಿ ಬದಲಿಸಿ, ಅಗ್ಗದ ಸಾಮಾನು ಅದು. ಪ್ಲಂಜರ್‌ಗೆ ಮ್ಯಾಗ್ನೆಟ್ ಗುಣ ಬಂದು, ತುದಿಗೆ ಕಬ್ಬಿಣದ ಪುಡಿ ಅಂಟಿರುವುದೂ ಉಂಟು.

ಮುಳ್ಳು ಹಾರಿದರೆ

ಹಲ್ಲಿನ ಲೆಕ್ಕ ಬೇಕಾಗುವುದು ಈಗ. ಪ್ಲಂಜರನ್ನು 0ಯಿಂದ 10ರವರೆಗೆ ತುಂಬಾ ನಿಧಾನವಾಗಿ ಒತ್ತುತ್ತಾ ಹೋಗಿ. ಮುಳ್ಳು ಎಲ್ಲಿ ಹಾರುತ್ತದೆ, ಎಲ್ಲಿ ತಡೆಯುತ್ತದೆ ಬರೆದುಕೊಳ್ಳಿ.

ಇಡೀ ಓಟದಲ್ಲಿ ಒಂದೇ ಸಲ, ಉದಾಹರಣೆಗೆ 3.4ರ ಹತ್ತಿರ ಮಾತ್ರ ಹಾರಿದರೆ, ರ‍್ಯಾಕ್ ಅಥವಾ ದೊಡ್ಡ ಗಾಲಿಯ ಒಂದು ಹಲ್ಲಿಗೆ ಪೆಟ್ಟಾಗಿದೆ, ಇಲ್ಲವೇ ಅಲ್ಲೊಂದು ಕಣ ಸಿಕ್ಕಿದೆ. ಯಾಕೆಂದರೆ 10 ಮಿ.ಮೀ. ಓಟದಲ್ಲಿ ದೊಡ್ಡ ಗಾಲಿ ತಿರುಗುವುದೇ ಒಂದು ಸುತ್ತು. 1.4, 2.4, 3.4 ಹೀಗೆ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಹಾರಿದರೆ ಮಧ್ಯದ ಪಿನಿಯನ್ ತೊಂದರೆ. ಅದಕ್ಕೂ ಮೊದಲು ಗಾಜಿನ ಪಕ್ಕದಿಂದ ಕಣ್ಣು ಹಾಯಿಸಿ. ಮುಳ್ಳು ಬಗ್ಗಿ ಮುಖಕ್ಕೋ ಗಾಜಿಗೋ ಉಜ್ಜುತ್ತಿದ್ದರೂ ಹೀಗೇ ಆಗುತ್ತದೆ.

ದೊಡ್ಡ ಮುಳ್ಳು ಅದರ ಅಚ್ಚಿನ ಮೇಲೆ ಜಾರಿರುವುದೂ ಇದೆ. ಕೆಳಗೆ ಬಿದ್ದ ಡಯಲ್‌ನಲ್ಲಿ ಇದನ್ನು ತಪ್ಪದೆ ನೋಡಿ. ಚಿಕ್ಕ ಮುಳ್ಳನ್ನು ಸರಿಯಾಗಿ 2ರ ಮೇಲೆ ತಂದು ದೊಡ್ಡದು ಎಲ್ಲಿದೆ ಬರೆದುಕೊಳ್ಳಿ. 5ರ ಮೇಲೆ, 8ರ ಮೇಲೆ ತಂದಾಗಲೂ ದೊಡ್ಡದು ಹೆಚ್ಚೂಕಡಿಮೆ ಅದೇ ಜಾಗದಲ್ಲಿರಬೇಕು. ಪ್ರತಿ ಸಲ ಬೇರೆ ಕಡೆ ಇದ್ದರೆ ಜಾರುತ್ತಿದೆ ಅಂತ.

ಹೇರ್ ಸ್ಪ್ರಿಂಗ್ ಕಳಚಿದ್ದರೆ ಲಕ್ಷಣ ಬೇರೆ. ಮೇಲೆ ಹೋಗುವಾಗ ಒಂದು ಓದು, ಅದೇ ಜಾಗಕ್ಕೆ ವಾಪಸ್ ಇಳಿಯುವಾಗ ಇನ್ನೊಂದು. ಪ್ಲಂಜರ್ ಚೊಕ್ಕಟವಾಗಿದ್ದೂ ಹೀಗೆ ಎರಡು ಮೂರು ಗೆರೆ ವ್ಯತ್ಯಾಸ ಬಂದರೆ ಹಲ್ಲುಗಳ ಸಡಿಲ ಹೊರಗೆ ಬಂದಿದೆ. ಅದನ್ನು ಶಾಪ್‌ನಲ್ಲಿ ಕೂತು ಸರಿ ಮಾಡುತ್ತೇನೆ ಅನ್ನಬೇಡಿ. ನಾನು ಒಂದು ಗುರುವಾರ, ರಜೆಯ ದಿನ, ಮನೆಗೆ ತಂದು ಪ್ರಯತ್ನ ಮಾಡಿದ್ದೆ. ಸುರುಳಿ ಚಿಮಟದಿಂದ ಹಾರಿ ಹೋಗಿದ್ದು ಇವತ್ತಿಗೂ ಸಿಕ್ಕಿಲ್ಲ.

ಡಯಲ್ ಸರಿ, ನಾವು ತಪ್ಪು

ಪ್ಲಂಜರ್ ತುಂಡಿನ ಮೇಲ್ಮೈಗೆ ನೆಟ್ಟಗೆ ನಿಲ್ಲಬೇಕು. ವಾಲಿದರೆ ಓದು ಜಾಸ್ತಿ ಬರುತ್ತದೆ. 10 ಡಿಗ್ರಿ ವಾಲಿದರೆ ಸುಮಾರು ಶೇ. 1.5, 20 ಡಿಗ್ರಿಗೆ ಶೇ. 6ರಷ್ಟು. 0.03 ರನೌಟ್ ನೋಡುವವನಿಗೆ 10 ಡಿಗ್ರಿ ಏನೂ ಅಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ 2 ಮಿ.ಮೀ. ಮೆಟ್ಟಿಲನ್ನು ಅಳೆಯುತ್ತಿದ್ದರೆ ಅದೇ 10 ಡಿಗ್ರಿಗೆ 0.03 ತಪ್ಪು. ಲಿವರ್ ಡಯಲ್‌ನಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ಅದರ ಕಡ್ಡಿ ಮೇಲ್ಮೈಗೆ ಆದಷ್ಟು ಸಮಾನಾಂತರವಾಗಿರಬೇಕು. 30 ಡಿಗ್ರಿ ಎದ್ದಿದ್ದರೆ ಓದನ್ನು 0.87ರಿಂದ ಗುಣಿಸಿದಾಗ ನಿಜ ಅಳತೆ.

ಇನ್ನೊಂದು ಜಗಳ ಪ್ರತಿ ಶಾಪ್‌ನಲ್ಲೂ ನಡೆಯುತ್ತದೆ. ಮಧ್ಯ 0.02 ಸರಿದಿದೆ ಅಂತ ಒಬ್ಬ, ಡಯಲ್ 0.04 ತೋರಿಸುತ್ತದೆ ಅಂತ ಇನ್ನೊಬ್ಬ. ಇಬ್ಬರೂ ಸರಿ. ತುಂಡು ತಿರುಗಿದಾಗ ಒಮ್ಮೆ 0.02 ಮೇಲೆ, ಒಮ್ಮೆ 0.02 ಕೆಳಗೆ. ಡಯಲ್ ತೋರಿಸುವುದು ಒಟ್ಟು ಓಟ. ಡ್ರಾಯಿಂಗ್ ಯಾವುದನ್ನು ಕೇಳಿದೆ ನೋಡಿ, ಜಗಳ ಮುಗಿಯುತ್ತದೆ.

ಬೆಳಿಗ್ಗೆ ಓಕೆ ಆದ ತುಂಡು ಏಪ್ರಿಲ್ ಮಧ್ಯಾಹ್ನ ರಿಜೆಕ್ಟ್ ಆದರೆ ಶಾಖದ ಕಡೆ ನೋಡಿ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಪಟ್ಟವು. 100 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.0115 ಹಿಗ್ಗುತ್ತದೆ. ಅಂದರೆ ಡಯಲ್‌ನ ಒಂದು ಗೆರೆಗಿಂತ ತುಸು ಜಾಸ್ತಿ. ಅಲ್ಯೂಮಿನಿಯಂ ಅದರ ಎರಡರಷ್ಟು. ಮಾಸ್ಟರ್ (ಹೋಲಿಸಲು ಇಟ್ಟ ಸರಿ ಅಳತೆಯ ತುಂಡು) ಮತ್ತು ಅಳೆಯುವ ತುಂಡು ಎರಡೂ ಉಕ್ಕಿನದಾಗಿ, ಎರಡೂ ಒಂದೇ ಬಿಸಿಯಲ್ಲಿದ್ದರೆ ಹೆಚ್ಚು ಚಿಂತೆ ಇಲ್ಲ. ಮಷಿನ್‌ನಿಂದ ಆಗಷ್ಟೇ ಇಳಿದ ಬಿಸಿ ತುಂಡನ್ನು ತಣ್ಣಗಿರುವ ಮಾಸ್ಟರ್ ಜೊತೆ ಹೋಲಿಸಿದರೆ ತೊಂದರೆ. ಸರ್ಫೇಸ್ ಪ್ಲೇಟ್ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಒಂದು ಚಹಾ ಕುಡಿದು ಬನ್ನಿ.

ರಿಪೇರಿಗೆ ಕಳಿಸುವಾಗ

ಇಷ್ಟೆಲ್ಲ ನೋಡಿದ ಮೇಲೂ ದೋಷ ಒಳಗೇ ಇದೆ ಅನ್ನಿಸಿದರೆ ಡಯಲ್‌ಗೆ ಕೆಂಪು ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಟೇಬಲ್ ಮೇಲೆ ಬಿಟ್ಟರೆ ರಾತ್ರಿ ಶಿಫ್ಟ್‌ನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಜೊತೆಗೆ ಒಂದು ಚೀಟಿ ಕಟ್ಟಿ. ಅದರಲ್ಲಿ ‘ಡಯಲ್ ಖರಾಬ್’ ಅಂತ ಬರೆಯಬೇಡಿ, ಅದರಿಂದ ರಿಪೇರಿಯವನಿಗೆ ಏನೂ ಗೊತ್ತಾಗುವುದಿಲ್ಲ. ‘3.4 ಹತ್ತಿರ ಮುಳ್ಳು ತಡೆಯುತ್ತದೆ, ಮೇಲೆ ಹೋಗುವಾಗ ಮಾತ್ರ, ಪ್ಲಂಜರ್ ಒರೆಸಿ ನೋಡಿದೆ, ತುದಿ ಬಿಗಿ ಇದೆ, ಕೆಳಗೆ ಬಿದ್ದಿತ್ತು’ ಅಂತ ಬರೆಯಿರಿ. ಬಿದ್ದಿತ್ತು ಅನ್ನುವುದನ್ನು ಮುಚ್ಚಿಡಬೇಡಿ. ಹಿಂದಿನ ಮುಚ್ಚಳ ತೆಗೆದ ಕೂಡಲೇ ಅದು ಅವನಿಗೆ ಕಾಣುತ್ತದೆ.